ತುಂಗಭದ್ರೆಗೆ ಸೇತುವೆ ಕಟ್ಟಿದವರ ಮೊಮ್ಮಗ

ಕಂಪ್ಯೂಟರ್ ಸೈನ್ಸ್ ಓದುವ ನಮಗೆಲ್ಲ ಅಲನ್ ಟ್ಯೂರಿಂಗ್ ಅವರ ಹೆಸರು ಒಂದು ಸಾಲಿನಷ್ಟು ಗೊತ್ತು. ಕಂಪ್ಯೂಟರ್ ವಿಜ್ಞಾನದ ಪಿತಾಮಹ ಎನ್ನುವ ಆ ಸಾಲನ್ನು ನಾನೂ ಪ್ರಥಮ ಪಿಯುಸಿಯಲ್ಲಿ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತುಬಿಟ್ಟಿದ್ದೆ. ಈ ವರ್ಷ ಅದೇ ಹೆಸರು ಮತ್ತೆ ಎದುರಾಯಿತು, ಅದೂ ನಮ್ಮ ನದಿಯ ಹೆಸರಿನ ಜೊತೆಗೆ. ಕೃತಕ ಬುದ್ಧಿಮತ್ತೆಯ ಬಗ್ಗೆ ತರಗತಿಯಲ್ಲಿ ಸೆಮಿನಾರ್ ಕೊಡಬೇಕಿತ್ತು. ಸರ್ ಕೊಟ್ಟ ದಪ್ಪ ಪುಸ್ತಕದ ಮೊದಲ ಪುಟಗಳಲ್ಲೇ ಬಳ್ಳಾರಿ, ತುಂಗಭದ್ರಾ ಎಂಬ ಹೆಸರುಗಳು ಕಂಡವು. ಲಂಡನ್ನಿನಲ್ಲಿ ಹುಟ್ಟಿದ ಗಣಿತಜ್ಞನ ಕಥೆಯಲ್ಲಿ ನಮ್ಮೂರಿನ ಹೆಸರುಗಳಿಗೆ ಏನು ಕೆಲಸ ಎಂದು ಆ ರಾತ್ರಿ ಓದುತ್ತಾ ಕುಳಿತವಳು ಊಟಕ್ಕೆ ಅಮ್ಮಿ ಮೂರು ಸಲ ಕರೆದರೂ ಏಳಲಿಲ್ಲ.

ಟ್ಯೂರಿಂಗ್ ಅವರ ತಂದೆ ಜೂಲಿಯಸ್ ಮ್ಯಾಥಿಸನ್ ಟ್ಯೂರಿಂಗ್ ಐಸಿಎಸ್ ಅಧಿಕಾರಿ. 1896ರಲ್ಲಿ ಮದ್ರಾಸ್ ಪ್ರಾಂತ್ಯದ ಸೇವೆಗೆ ಬಂದ ಅವರು ಮೊದಲ ಹತ್ತು ವರ್ಷಗಳನ್ನು ಬಳ್ಳಾರಿ, ಕರ್ನೂಲು ಮತ್ತು ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಕಳೆದರು. ಬೇಸಾಯ, ನೀರಾವರಿ, ಸಿಡುಬಿನ ಲಸಿಕೆ, ಹಳ್ಳಿಗಳ ಲೆಕ್ಕಪತ್ರ ಇವುಗಳ ಮೇಲೆ ವರದಿ ಬರೆಯುವುದೇ ಅವರ ಕೆಲಸ. ಆಗ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ನಮ್ಮ ಸಂಡೂರು ಮಾತ್ರ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿ ಜಿಲ್ಲೆಯ ನಡುವೆಯೇ ಬೇರೆಯಾಗಿತ್ತು. ತಾಯಿ ಎಥೆಲ್ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ಆಕೆಯ ತಂದೆ ಎಡ್ವರ್ಡ್ ವಾಲರ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್. ತುಂಗಭದ್ರೆಯ ಮೇಲೆ ದೊಡ್ಡ ರೈಲು ಸೇತುವೆ ಕಟ್ಟಿಸಿದವರು ಅವರೇ. ಸದ್ದು ಮಾಡದೆ ತಿರುಗುವ ಪಂಖಾ ಚಕ್ರಕ್ಕೂ ಅವರು ಪೇಟೆಂಟ್ ಪಡೆದಿದ್ದರು. ಬಳ್ಳಾರಿಯ ಬೇಸಿಗೆ ಬಲ್ಲವರಿಗೆ ಆ ಪಂಖಾದ ಬೆಲೆ ಹೇಳಿಕೊಡಬೇಕಾಗಿಲ್ಲ.

ಕೊಪ್ಪಳದ ನಾನಿಯ ಮನೆಗೆ ಹೋಗುವಾಗ ಹೊಸಪೇಟೆ ದಾಟಿದೊಡನೆ ನಮ್ಮ ರೈಲು ತುಂಗಭದ್ರೆಯ ಮೇಲೆ ಹಾದುಹೋಗುತ್ತದೆ. ಎಷ್ಟೋ ಸಲ ಕಿಟಕಿಯಿಂದ ನಾಣ್ಯ ಎಸೆಯುವವರನ್ನು ನೋಡಿ ನಕ್ಕಿದ್ದೇನೆ. ಸೇತುವೆ ಯಾವುದಾದರೇನು, ನದಿ ಒಂದೇ. ನಾನು ಕುಡಿದು ಬೆಳೆದ ನೀರಿನ ಆಳ ಅಳೆದವರ ಮೊಮ್ಮಗ, ಯಂತ್ರ ಯೋಚಿಸಬಲ್ಲದೇ ಎಂಬ ಪ್ರಶ್ನೆಯನ್ನು ಲೋಕದ ಮುಂದಿಟ್ಟ ಎನ್ನುವುದು ತಿಳಿದ ಮೇಲೆ ಸೆಮಿನಾರಿನ ಹತ್ತು ಸ್ಲೈಡುಗಳಿಗೆ ಮನಸ್ಸು ಒಪ್ಪಲಿಲ್ಲ. ಅದಕ್ಕಾಗಿ ಈ ಬರಹ.

ಅಲನ್ ಹುಟ್ಟಿದ್ದು 1912ರ ಜೂನ್ 23ರಂದು. ಅಣ್ಣ ಜಾನ್ ಹುಟ್ಟಿದ್ದು ನೀಲಗಿರಿಯ ಕೂನೂರಿನಲ್ಲಿ. ಇವನ ಜನನಕ್ಕೆ ತಾಯ್ತಂದೆ ಲಂಡನ್ನಿಗೆ ಹೋಗಿದ್ದರು. ಭಾರತದ ಬಿಸಿಲು ಮಕ್ಕಳಿಗೆ ಆಗದು ಎಂಬ ಅಂದಿನ ಇಂಗ್ಲಿಷರ ಭಯದಿಂದ, ಮಗುವಿಗೆ ಒಂದೂಕಾಲು ವರ್ಷವಾದಾಗ ತಾಯಿಯೂ ಅದನ್ನು ಬಿಟ್ಟು ಮದ್ರಾಸ್ ಪ್ರಾಂತ್ಯಕ್ಕೆ ಮರಳಿದರು. ಸಮುದ್ರ ತೀರದ ಊರೊಂದರಲ್ಲಿ ನಿವೃತ್ತ ಕರ್ನಲ್ ದಂಪತಿಯ ಮನೆಯಲ್ಲಿ ಅಣ್ಣತಮ್ಮಂದಿರು ಬೆಳೆದರು. ಕೆಲಸಕ್ಕೆಂದು ಗಲ್ಫಿಗೆ ಹೋದ ತಂದೆಯನ್ನು ಎರಡು ವರ್ಷಕ್ಕೊಮ್ಮೆ ನೋಡುವ ಗೆಳತಿಯರು ನಮ್ಮ ತರಗತಿಯಲ್ಲೂ ಇದ್ದಾರೆ. ಅಲನ್‌ಗೆ ತಾಯಿ ಕೂಡ ಹಾಗೆಯೇ ಬಂದುಹೋಗುವ ಅತಿಥಿಯಾಗಿದ್ದರು.

ಶಾಲೆಯಲ್ಲಿ ಅವನು ಮೇಷ್ಟ್ರುಗಳಿಗೆ ತಲೆನೋವು. ಅಕ್ಷರ ಕೆಟ್ಟದು, ಬಟ್ಟೆ ಮೇಲೆಲ್ಲ ಇಂಕು. 1926ರಲ್ಲಿ ಶೆರ್ಬೋರ್ನ್ ಎಂಬ ವಸತಿಶಾಲೆಗೆ ಸೇರಬೇಕಾದ ದಿನ ಇಂಗ್ಲೆಂಡಿನಲ್ಲಿ ಸಾರ್ವತ್ರಿಕ ಮುಷ್ಕರ. ರೈಲಿಲ್ಲ, ಬಸ್ಸಿಲ್ಲ. ಇನ್ನೂ ಹದಿನಾಲ್ಕು ತುಂಬದ ಹುಡುಗ ಅರವತ್ತು ಮೈಲಿಗೂ ಹೆಚ್ಚು ದೂರ ಸೈಕಲ್ ತುಳಿದು, ದಾರಿಯಲ್ಲಿ ಒಂದು ರಾತ್ರಿ ತಂಗಿ, ಶಾಲೆ ಮುಟ್ಟಿದ. ದೋಣಿಮಲೈಯಿಂದ ಹೊಸಪೇಟೆಗೆ ಹೋಗಿ ಬಂದು ಮತ್ತೆ ಹೊರಟಂತೆ ಎಂದುಕೊಳ್ಳಿ. ಅಲ್ಲಿ ಕ್ರಿಸ್ಟೋಫರ್ ಮಾರ್ಕಮ್ ಎಂಬ ಗೆಳೆಯ ಸಿಕ್ಕ. ಇಬ್ಬರೂ ನಕ್ಷತ್ರ, ಗಣಿತ, ರಸಾಯನ ಎಂದು ಮಾತಾಡುತ್ತಿದ್ದರು. 1930ರ ಫೆಬ್ರವರಿಯಲ್ಲಿ ಆ ಗೆಳೆಯ ಕ್ಷಯದಿಂದ ತೀರಿಕೊಂಡ. ದೇಹ ಹೋದ ಮೇಲೆ ಮನಸ್ಸು ಎಲ್ಲಿ ಹೋಗುತ್ತದೆ, ಮನಸ್ಸಿಗೂ ಜಡ ವಸ್ತುವಿಗೂ ಏನು ನಂಟು ಎಂಬ ಪ್ರಶ್ನೆ ಅಲನ್‌ನನ್ನು ಆವತ್ತಿನಿಂದ ಬಿಡಲಿಲ್ಲ.

ಕೇಂಬ್ರಿಜಿನ ಕಿಂಗ್ಸ್ ಕಾಲೇಜಿನಲ್ಲಿ ಗಣಿತ ಓದಿ, 22ನೇ ವಯಸ್ಸಿಗೇ ಟ್ಯೂರಿಂಗ್ ಅಲ್ಲಿಯೇ ಫೆಲೋ ಆದರು. 1936ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಅವರು ಕಾಗದದ ಮೇಲಷ್ಟೇ ಒಂದು ಯಂತ್ರವನ್ನು ಕಲ್ಪಿಸಿಕೊಂಡರು. ಚೌಕಗಳಿರುವ ಉದ್ದನೆಯ ಪಟ್ಟಿ. ಒಂದೊಂದು ಚೌಕವನ್ನು ಓದಿ, ಬರೆದು, ಅಳಿಸಿ, ಎಡಕ್ಕೋ ಬಲಕ್ಕೋ ಸರಿಯುವ ಒಂದು ತಲೆ. ಮುಂದೇನು ಮಾಡಬೇಕೆಂದು ಹೇಳುವ ನಿಯಮಗಳ ಪಟ್ಟಿ. ಅಷ್ಟೇ. ಇಷ್ಟರಿಂದ ಮನುಷ್ಯ ಕ್ರಮಬದ್ಧವಾಗಿ ಮಾಡಬಲ್ಲ ಯಾವ ಲೆಕ್ಕವನ್ನಾದರೂ ಮಾಡಬಹುದು ಎಂದು ತೋರಿಸಿದರು. ಲೆಕ್ಕ ಮಾಡುವ ಕ್ರಮಕ್ಕೆ ನಾವು ಹೇಳುವ ಆಲ್ಗಾರಿದಮ್ ಎಂಬ ಹೆಸರು ಬಂದದ್ದು ಒಂಬತ್ತನೇ ಶತಮಾನದ ಬಗ್ದಾದಿನ ಗಣಿತಜ್ಞ ಅಲ್ ಖ್ವಾರಿಜ್ಮಿ ಅವರಿಂದ. ಸಾವಿರ ವರ್ಷದ ಮೇಲೆ ಆ ಹೆಸರಿಗೆ ಯಂತ್ರದ ರೂಪ ಕೊಟ್ಟವರು ಟ್ಯೂರಿಂಗ್.

ಅದೇ ಪ್ರಬಂಧದಲ್ಲಿ ಇನ್ನೊಂದು ಮಾತಿದೆ, ನಾವು ಅದನ್ನು ಪಾಠದಲ್ಲಿ ಓದುವುದಿಲ್ಲ. ಒಂದು ಯಂತ್ರ ಮುಂದೆ ಏನು ಮಾಡುತ್ತದೆ, ಅದರ ಕೆಲಸ ಎಂದಾದರೂ ಮುಗಿಯುತ್ತದೆಯೇ ಎಂಬುದನ್ನು ಎಲ್ಲ ಸಂದರ್ಭಕ್ಕೂ ಮೊದಲೇ ಹೇಳಿಬಿಡುವ ಒಂದೇ ಸಾಮಾನ್ಯ ವಿಧಾನ ಇರಲಾರದು ಎಂದು ಅವರು ಸಿದ್ಧಮಾಡಿದರು. ಕಂಪ್ಯೂಟರ್ ಹುಟ್ಟುವ ಮೊದಲೇ ಅದರ ಮಿತಿ ಬರೆದಿಟ್ಟಾಗಿತ್ತು. ಈ ಮಾತಿಗೆ ನಾನು ಆಮೇಲೆ ಬರುತ್ತೇನೆ.

ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾಕ್ಟರೇಟ್ ಪಡೆದು 1938ರಲ್ಲಿ ಊರಿಗೆ ಮರಳಿದರು. 1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಮರುದಿನವೇ ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್ ಎಂಬ ಬಂಗಲೆಗೆ ಕೆಲಸಕ್ಕೆ ಹಾಜರಾದರು.

ಅಲ್ಲಿನ ಕೆಲಸ ಜರ್ಮನ್ ಸೇನೆಯ ಗುಪ್ತ ಸಂದೇಶಗಳನ್ನು ಬಿಡಿಸುವುದು. ಎನಿಗ್ಮಾ ಎಂಬ ಟೈಪ್‌ರೈಟರಿನಂಥ ಯಂತ್ರದಲ್ಲಿ ಒಂದು ಅಕ್ಷರ ಒತ್ತಿದರೆ ಬೇರೊಂದು ಅಕ್ಷರದ ದೀಪ ಹೊತ್ತಿಕೊಳ್ಳುತ್ತಿತ್ತು. ಪ್ರತಿ ಒತ್ತಿಗೂ ಒಳಗಿನ ಚಕ್ರ ತಿರುಗಿ ಜೋಡಣೆ ಬದಲಾಗುತ್ತಿತ್ತು. ಅದನ್ನು ಹೊಂದಿಸುವ ವಿಧಾನಗಳ ಸಂಖ್ಯೆ ಸುಮಾರು 159ರ ಮುಂದೆ 18 ಸೊನ್ನೆ. ಅದೂ ದಿನಕ್ಕೊಮ್ಮೆ ಬದಲು. ಕುಳಿತು ಒಂದೊಂದಾಗಿ ಪರೀಕ್ಷಿಸಿದರೆ ಮನುಷ್ಯರ ಆಯುಷ್ಯ ಸಾಲದು.

ಆದರೆ ಎನಿಗ್ಮಾಕ್ಕೆ ಒಂದು ದೌರ್ಬಲ್ಯವಿತ್ತು. ಯಾವ ಅಕ್ಷರವೂ ತಾನೇ ತಾನಾಗಿ ಹೊರಬರುತ್ತಿರಲಿಲ್ಲ. ಮ ಒತ್ತಿದರೆ ಬೇರೆ ಏನಾದರೂ ಬರಬಹುದು, ಮ ಮಾತ್ರ ಬರದು. ಜರ್ಮನ್ನರು ದಿನವೂ ಒಂದೇ ರೀತಿಯ ಮಾತುಗಳಿಂದ ಹವಾಮಾನ ವರದಿ ಕಳಿಸುತ್ತಿದ್ದರು. ಹಾಗಾಗಿ ಸಂದೇಶದಲ್ಲಿ ಇಂಥ ಪದ ಇದ್ದೇ ಇರುತ್ತದೆ ಎಂದು ಊಹಿಸಿ, ಆ ಪದವನ್ನು ಗುಪ್ತಾಕ್ಷರಗಳ ಕೆಳಗೆ ಇಟ್ಟು ಸರಿಸುತ್ತಾ ಹೋಗುವುದು. ಎಲ್ಲಿ ಅದೇ ಅಕ್ಷರದ ಕೆಳಗೆ ಅದೇ ಅಕ್ಷರ ಬೀಳುತ್ತದೋ ಆ ಜಾಗ ಬಿಟ್ಟುಬಿಡುವುದು. ಉಳಿದ ಜಾಗಗಳನ್ನು ಯಂತ್ರಕ್ಕೆ ಕೊಟ್ಟು ತಪ್ಪು ಜೋಡಣೆಗಳನ್ನು ರಾಶಿ ರಾಶಿಯಾಗಿ ಹೊರಗೆಸೆಯುವುದು. ನಮ್ಮ ಗಣಿಯ ಸ್ಕ್ರೀನಿಂಗ್ ಪ್ಲಾಂಟಿನಲ್ಲಿ ಜರಡಿ ಹಿಡಿದಂತೆ. ಇದಕ್ಕಾಗಿ ಟ್ಯೂರಿಂಗ್ ವಿನ್ಯಾಸ ಮಾಡಿದ ಯಂತ್ರದ ಹೆಸರು ಬಾಂಬ್. ಸಿಡಿಯುವ ಬಾಂಬಿಗೂ ಅದಕ್ಕೂ ಸಂಬಂಧವಿಲ್ಲ. ಪೋಲೆಂಡಿನ ಗಣಿತಜ್ಞರು ಮೊದಲು ಮಾಡಿದ್ದ ಯಂತ್ರದ ಹೆಸರದು. ಎನಿಗ್ಮಾದ ಬೀಗ ಮೊದಲು ತೆರೆದವರು ಮರಿಯನ್ ರೆಯೆವ್‌ಸ್ಕಿ ಮತ್ತು ಅವರ ಪೋಲಿಷ್ ಗೆಳೆಯರು ಎಂಬುದನ್ನು ಸಿನಿಮಾ ನೋಡಿದವರು ಮರೆಯುತ್ತಾರೆ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಮೊದಲ ಬಾಂಬ್ ಯಂತ್ರ 1940ರ ಮಾರ್ಚ್‌ನಲ್ಲಿ ಬಂತು.

ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನ್ ಸಬ್‌ಮರೀನ್‌ಗಳು ಬ್ರಿಟನ್ನಿಗೆ ಆಹಾರ, ಎಣ್ಣೆ ತರುವ ಹಡಗುಗಳನ್ನು ಮುಳುಗಿಸುತ್ತಿದ್ದವು. ನೌಕಾಪಡೆಯ ಎನಿಗ್ಮಾ ಅತ್ಯಂತ ಕಠಿಣವಾದದ್ದು. ಬೇರೆ ಯಾರೂ ಕೈಹಾಕುತ್ತಿಲ್ಲ, ಆದ್ದರಿಂದ ತನ್ನದೇ ಎಂದು ಟ್ಯೂರಿಂಗ್ ಅದನ್ನು ಎತ್ತಿಕೊಂಡರು. ಹಟ್ 8 ಎಂಬ ಮರದ ಶೆಡ್ಡಿನಲ್ಲಿ ಅವರ ತಂಡ. ಕೆಲಸಗಾರರೂ ಯಂತ್ರಗಳೂ ಸಾಲದೆ ಮೇಲಧಿಕಾರಿಗಳು ಕಿವಿಗೊಡದಿದ್ದಾಗ, 1941ರ ಅಕ್ಟೋಬರಿನಲ್ಲಿ ಟ್ಯೂರಿಂಗ್ ಮತ್ತು ಮೂವರು ಸಹೋದ್ಯೋಗಿಗಳು ನೇರವಾಗಿ ಪ್ರಧಾನಿ ಚರ್ಚಿಲ್ ಅವರಿಗೇ ಪತ್ರ ಬರೆದರು. ಅಂದೇ ಕೊಡಿ ಎಂಬ ಆಜ್ಞೆ ಬಂತು. ನಮ್ಮ ಕಾಲೇಜಿನ ಲ್ಯಾಬಿನ ಕಂಪ್ಯೂಟರುಗಳ ಬಗ್ಗೆ ನಾವೂ ಯಾರಿಗಾದರೂ ಹೀಗೆ ಬರೆಯಬಾರದೇಕೆ ಎಂದು ಯೋಚಿಸಿದೆ. ಪ್ರಿನ್ಸಿಪಾಲರು ತಪ್ಪು ತಿಳಿಯಬಾರದು.

ಅವರ ವಿಚಿತ್ರಗಳು ಹಲವು. ಹೂವಿನ ಪರಾಗದಿಂದ ಶೀತ ಹಿಡಿಯುತ್ತಿದ್ದುದರಿಂದ ಗ್ಯಾಸ್ ಮಾಸ್ಕ್ ಹಾಕಿಕೊಂಡೇ ಸೈಕಲ್ ಹೊಡೆಯುತ್ತಿದ್ದರು. ಆ ಸೈಕಲ್ಲಿನ ಚೈನು ಇಂತಿಷ್ಟು ಸುತ್ತಿಗೊಮ್ಮೆ ಬೀಳುತ್ತಿತ್ತು. ರಿಪೇರಿ ಮಾಡಿಸದೆ, ಸುತ್ತು ಎಣಿಸಿಕೊಂಡು ಬೀಳುವ ಮೊದಲೇ ಇಳಿದು ಸರಿಮಾಡುತ್ತಿದ್ದರು. ಚಹಾದ ಮಗ್ಗನ್ನು ಯಾರೂ ಒಯ್ಯಬಾರದೆಂದು ಸರಪಳಿಯಿಂದ ಕಟ್ಟಿಟ್ಟಿದ್ದರು. ಓಟದಲ್ಲೂ ಎತ್ತಿದ ಕೈ. 1947ರಲ್ಲಿ ಮ್ಯಾರಥಾನನ್ನು 2 ಗಂಟೆ 46 ನಿಮಿಷದಲ್ಲಿ ಮುಗಿಸಿದರು.

ಬ್ಲೆಚ್ಲಿಯ ಕೆಲಸದಿಂದ ಯುದ್ಧ ಎಷ್ಟೋ ಬೇಗ ಮುಗಿಯಿತು, ಲಕ್ಷಾಂತರ ಜೀವ ಉಳಿಯಿತು ಎಂದು ಇತಿಹಾಸಕಾರರು ಹೇಳುತ್ತಾರೆ. ಆದರೆ ಅಂದು ಯಾರೂ ಹೇಳುವಂತಿರಲಿಲ್ಲ. ಸಾವಿರಾರು ಜನ ದುಡಿದ ಆ ಜಾಗದ ಸುದ್ದಿಯನ್ನು ಬ್ರಿಟಿಷ್ ಸರ್ಕಾರ 1970ರ ದಶಕದವರೆಗೂ ಬಾಯಿಬಿಡಲಿಲ್ಲ. ಅಲ್ಲಿಯೇ ಇದ್ದ ಕೊಲೊಸಸ್ ಎಂಬ ಎಲೆಕ್ಟ್ರಾನಿಕ್ ಕಂಪ್ಯೂಟರುಗಳಲ್ಲಿ ಎರಡನ್ನು ಬಿಟ್ಟು ಉಳಿದೆಲ್ಲವನ್ನೂ ಯುದ್ಧದ ನಂತರ ಬಿಚ್ಚಿಹಾಕಿದರು. ತಾಯಿ ಸಾರಾ 1959ರಲ್ಲಿ ಮಗನ ಜೀವನಚರಿತ್ರೆ ಬರೆದಾಗ, ಮಗ ಯುದ್ಧದಲ್ಲಿ ನಿಜವಾಗಿ ಏನು ಮಾಡಿದ ಎಂಬುದು ಆಕೆಗೇ ಗೊತ್ತಿರಲಿಲ್ಲ. ಒಬ್ಬ ತಾಯಿಯ ಪುಸ್ತಕದಲ್ಲಿ ಮಗನ ಅತಿ ದೊಡ್ಡ ಕೆಲಸವೇ ಇಲ್ಲ. ಸರ್ಕಾರಗಳಿಗೆ ಗುಟ್ಟು ಎಷ್ಟು ಮುಖ್ಯ ಎಂದು ನನಗೆ ಅರ್ಥವಾದದ್ದು ಇಲ್ಲಿ.

1950ರಲ್ಲಿ, ಮ್ಯಾಂಚೆಸ್ಟರಿನಲ್ಲಿದ್ದಾಗ, ಟ್ಯೂರಿಂಗ್ ಮೈಂಡ್ ಎಂಬ ತತ್ತ್ವಶಾಸ್ತ್ರದ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಯಂತ್ರ ಯೋಚಿಸುತ್ತದೆಯೇ ಎಂದು ವಾದಿಸುವ ಬದಲು ಒಂದು ಆಟ ಆಡೋಣ ಎಂದರು. ತೆರೆಯ ಆಚೆ ಒಬ್ಬ ಮನುಷ್ಯ, ಒಂದು ಯಂತ್ರ. ಈಚೆ ಕುಳಿತವರು ಟೈಪ್ ಮಾಡಿ ಪ್ರಶ್ನೆ ಕೇಳಬೇಕು. ಯಾರು ಯಾರೆಂದು ಗುರುತಿಸಲಾಗದಿದ್ದರೆ ಯಂತ್ರ ಗೆದ್ದಂತೆ. ಐವತ್ತು ವರ್ಷಗಳಲ್ಲಿ, ಐದು ನಿಮಿಷದ ಮಾತುಕತೆಯ ಬಳಿಕ ನೂರಕ್ಕೆ ಮೂವತ್ತು ಮಂದಿಯಾದರೂ ಮೋಸಹೋಗುತ್ತಾರೆ ಎಂದು ಅವರ ಅಂದಾಜು. ಕಾಲ ಸ್ವಲ್ಪ ತಪ್ಪಿತು, ಮಾತು ತಪ್ಪಲಿಲ್ಲ. ಇಂದು ಅಸೈನ್‌ಮೆಂಟ್ ಬರೆದವರು ಹುಡುಗರೋ ಚಾಟ್‌ಬಾಟೋ ಎಂದು ನಮ್ಮ ಉಪನ್ಯಾಸಕರು ದಿನವೂ ಆಡುತ್ತಿರುವ ಆಟ ಇದೇ ತಾನೆ.

ಆ ಪ್ರಬಂಧದ ಪ್ರಿಂಟ್‌ಔಟ್ ಓದುತ್ತಾ ಒಂದು ಕಡೆ ನನ್ನ ಪೆನ್ಸಿಲ್ ನಿಂತಿತು. ಆತ್ಮವಿರುವುದು ಮನುಷ್ಯನಿಗೆ ಮಾತ್ರ, ಆದ್ದರಿಂದ ಯಂತ್ರ ಯೋಚಿಸದು ಎನ್ನುವವರಿಗೆ ಉತ್ತರ ಕೊಡುವಾಗ, ಹೆಂಗಸರಿಗೆ ಆತ್ಮವಿಲ್ಲ ಎಂಬುದು ಮುಸ್ಲಿಮರ ನಂಬಿಕೆ ಎಂದು ಟ್ಯೂರಿಂಗ್ ಹೋಗುವ ದಾರಿಯಲ್ಲಿ ಹೇಳಿಬಿಟ್ಟಿದ್ದಾರೆ. ಇದು ಅಪ್ಪಟ ಸುಳ್ಳು. ನಮ್ಮ ಧರ್ಮದಲ್ಲಿ ಅಂಥ ನಂಬಿಕೆಯೇ ಇಲ್ಲ. ಒಳ್ಳೆಯ ಕೆಲಸ ಮಾಡಿದ ಗಂಡಿಗೂ ಹೆಣ್ಣಿಗೂ ಪ್ರತಿಫಲವಿದೆ ಎಂದು ಕುರ್‌ಆನ್ ಹೆಸರು ಹಿಡಿದು ಹೇಳುತ್ತದೆ. ಯುರೋಪಿನಲ್ಲಿ ಹಳೆಯ ಕಾಲದಿಂದ ಓಡಾಡುತ್ತಿದ್ದ ಒಂದು ಗಾಳಿಮಾತನ್ನು ಇಷ್ಟು ದೊಡ್ಡ ಬುದ್ಧಿವಂತರೂ ತಿರುಗಿ ನೋಡದೆ ಬರೆದರು. ಬೇಸರವಾಯಿತು, ಎರಡು ದಿನ ಪುಸ್ತಕ ಮುಟ್ಟಲಿಲ್ಲ. ಆಮೇಲೆ ಇನ್ನೊಂದು ವಿಷಯ ಹೊಳೆಯಿತು. ಇಂದಿನ ಯಂತ್ರಗಳು ಮನುಷ್ಯರು ಬರೆದದ್ದನ್ನೆಲ್ಲ ಓದಿ ಕಲಿಯುತ್ತವೆ. ಎಪ್ಪತ್ತೈದು ವರ್ಷಗಳಿಂದ ಎಲ್ಲರೂ ಓದುತ್ತಿರುವ ಈ ಪ್ರಬಂಧದ ಆ ಸಾಲನ್ನು ಒಂದು ಯಂತ್ರ ಓದಿ ನಂಬಿದರೆ, ಸುಳ್ಳೆಂದು ಅದಕ್ಕೆ ಯಾರು ಹೇಳಬೇಕು? ನಮ್ಮ ಊರಿನ ಹುಡುಗಿ ಯಾವ ಕಚೇರಿಗೆ ಅರ್ಜಿ ಕೊಡಬೇಕು?

1951ರಲ್ಲಿ ಬಿಬಿಸಿ ರೇಡಿಯೋದಲ್ಲಿ ಮಾತಾಡುವಾಗ ಟ್ಯೂರಿಂಗ್ ಇನ್ನೂ ಮುಂದೆ ಹೋದರು. ಯಂತ್ರ ಯೋಚಿಸುವುದಾದರೆ ನಮಗಿಂತ ಚೆನ್ನಾಗಿ ಯೋಚಿಸಬಹುದು, ಆಗ ನಮ್ಮ ಗತಿ ಏನು ಎಂದು ಕೇಳಿದರು. ಬೇಕಾದಾಗ ಕರೆಂಟು ತೆಗೆದು ಅದನ್ನು ಹತೋಟಿಯಲ್ಲಿಟ್ಟುಕೊಂಡರೂ ನಮ್ಮ ಗರ್ವ ಇಳಿಯುವುದಂತೂ ಖಂಡಿತ ಎಂದರು. ಕೇಳಿದವರಲ್ಲಿ ಹಲವರಿಗೆ ಅದು ತಮಾಷೆಯಂತೆ ಕಂಡಿರಬೇಕು.

ಮರುವರ್ಷ ಅವರ ಬದುಕು ಮುರಿಯಿತು. ಈ ಭಾಗವನ್ನು ಕಾಲೇಜಿನ ಪತ್ರಿಕೆಯಲ್ಲಿ ಬರೆಯಬೇಕೇ ಬೇಡವೇ ಎಂದು ನಾನು ಮತ್ತು ಸಂಪಾದಕ ಮಂಡಳಿಯ ಮೇಡಂ ಬಹಳ ಹೊತ್ತು ಮಾತಾಡಿದೆವು. ಬಿಟ್ಟರೆ ಕಥೆ ಸುಳ್ಳಾಗುತ್ತದೆ ಎಂದು ಮೇಡಂ ಅವರೇ ಕೊನೆಗೆ ಹೇಳಿದರು. ಟ್ಯೂರಿಂಗ್ ಅವರಿಗೆ ಒಬ್ಬ ಪುರುಷನ ಜೊತೆ ಸಂಬಂಧವಿತ್ತು. ಮನೆಯಲ್ಲಿ ಕಳ್ಳತನವಾಯಿತೆಂದು ಅವರೇ ಪೊಲೀಸರಿಗೆ ದೂರು ಕೊಟ್ಟರು. ವಿಚಾರಣೆಯಲ್ಲಿ ಈ ಸಂಬಂಧ ಹೊರಬಿತ್ತು. 1885ರ ಬ್ರಿಟಿಷ್ ಕಾನೂನಿನಲ್ಲಿ ಅದು ಅಪರಾಧ. 1952ರ ಮಾರ್ಚ್ 31ರಂದು ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದಿತು. ಜೈಲಿನ ಬದಲು ಒಂದು ವರ್ಷ ಹಾರ್ಮೋನ್ ಚಿಕಿತ್ಸೆಗೆ ಒಪ್ಪಬೇಕಾಯಿತು. ಗುಟ್ಟಿನ ಸರ್ಕಾರಿ ಕೆಲಸಕ್ಕಿದ್ದ ಅನುಮತಿಯೂ ಹೋಯಿತು. ದೇಶದ ಅತಿ ದೊಡ್ಡ ಗುಟ್ಟನ್ನು ವರ್ಷಗಟ್ಟಲೆ ಕಾಪಾಡಿದವರನ್ನು ನಂಬಲು ಸರ್ಕಾರ ತಯಾರಿರಲಿಲ್ಲ. ನ್ಯಾಯಾಲಯದಲ್ಲಿ ಅವರ ಸೇವೆಯನ್ನು ಪೂರ್ತಿಯಾಗಿ ಹೇಳುವುದಕ್ಕೂ ಆಗುವಂತಿರಲಿಲ್ಲ, ಅದೂ ಗುಟ್ಟೇ.

1954ರ ಜೂನ್ 7ರಂದು ಅವರು ತೀರಿಕೊಂಡರು. ಸಯನೈಡ್ ವಿಷ. ಹಾಸಿಗೆಯ ಬಳಿ ಅರ್ಧ ತಿಂದ ಸೇಬು ಇತ್ತು. ಆತ್ಮಹತ್ಯೆ ಎಂದು ವಿಚಾರಣೆ ತೀರ್ಮಾನಿಸಿತು. ರಸಾಯನಗಳ ಜೊತೆ ಮನೆಯಲ್ಲೇ ಪ್ರಯೋಗ ಮಾಡುವ ಅಭ್ಯಾಸವಿದ್ದ ಮಗನಿಗೆ ಆದದ್ದು ಅಪಘಾತ ಎಂದು ತಾಯಿ ಕೊನೆಯವರೆಗೂ ನಂಬಿದ್ದರು. ಆಗ ಅವರಿಗೆ ವಯಸ್ಸು 41. ಸರ್ಕಾರ 2009ರಲ್ಲಿ ಕ್ಷಮೆ ಕೇಳಿತು, 2013ರಲ್ಲಿ ರಾಣಿಯ ಕ್ಷಮಾದಾನ ಬಂತು, 2021ರಲ್ಲಿ 50 ಪೌಂಡಿನ ನೋಟಿನ ಮೇಲೆ ಅವರ ಚಿತ್ರ ಬಂತು.

ಇನ್ನು ನಾನು ಸೆಮಿನಾರಿನಲ್ಲಿ ಹೇಳಬೇಕಾಗಿದ್ದ ವಿಷಯ. 2023ರ ನವೆಂಬರ್ 1 ಮತ್ತು 2ರಂದು ಕೃತಕ ಬುದ್ಧಿಮತ್ತೆಯ ಸುರಕ್ಷತೆ ಕುರಿತ ಮೊದಲ ಜಾಗತಿಕ ಶೃಂಗಸಭೆ ನಡೆದದ್ದು ಅದೇ ಬ್ಲೆಚ್ಲಿ ಪಾರ್ಕ್‌ನಲ್ಲಿ. ಟ್ಯೂರಿಂಗ್ ದುಡಿದ ಅಂಗಳದಲ್ಲೇ 28 ದೇಶಗಳೂ ಐರೋಪ್ಯ ಒಕ್ಕೂಟವೂ ಒಂದು ಘೋಷಣೆಗೆ ಒಪ್ಪಿದವು. ಭಾರತ, ಚೀನಾ, ಅಮೆರಿಕ ಎಲ್ಲವೂ ಅದರಲ್ಲಿದ್ದವು. ಅಪಾಯವಿದೆ, ಒಟ್ಟಾಗಿ ಕೆಲಸ ಮಾಡೋಣ ಎಂಬುದು ಅದರ ಸಾರ. ಮುರಿದರೆ ಏನು ಎಂಬುದು ಮಾತ್ರ ಅದರಲ್ಲಿ ಇಲ್ಲ, ಏಕೆಂದರೆ ಅದು ಯಾರನ್ನೂ ಕಟ್ಟಿಹಾಕುವ ಒಪ್ಪಂದವಲ್ಲ. 2025ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಭಾರತವೂ ಸಹ ಅಧ್ಯಕ್ಷತೆ ವಹಿಸಿದ್ದ ಸಭೆಯ ಹೇಳಿಕೆಗೆ ಅಮೆರಿಕ ಸಹಿ ಹಾಕಲಿಲ್ಲ. ಮೊದಲ ಸಭೆ ಕರೆದ ಬ್ರಿಟನ್ ಕೂಡ ಹಾಕಲಿಲ್ಲ. ಕೌನ್ಸಿಲ್ ಆಫ್ ಯುರೋಪ್ 2024ರ ಸೆಪ್ಟೆಂಬರಿನಲ್ಲಿ ಸಹಿಗೆ ಇಟ್ಟ ಒಡಂಬಡಿಕೆ ಕಾನೂನಿನಂತೆ ಕಟ್ಟುವಂಥದ್ದು, ಆದರೆ ರಾಷ್ಟ್ರೀಯ ಭದ್ರತೆಯ ಕೆಲಸಗಳನ್ನು ಅದು ಹೊರಗಿಟ್ಟಿದೆ. ಅಂದರೆ ಇಂದಿನ ಹಟ್ 8ಗಳು ಅದರ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ದೇಶವೂ ಹಿಂಜರಿಯುವವರ ಸಾಲಿನಲ್ಲಿದೆ. ತಾನಾಗಿಯೇ ಗುರಿ ಹುಡುಕಿ ಕೊಲ್ಲುವ ಆಯುಧಗಳ ಬಗ್ಗೆ 2023ರಲ್ಲಿ ವಿಶ್ವಸಂಸ್ಥೆಯಲ್ಲಿ ನಿರ್ಣಯ ಬಂದಾಗ ನೂರೈವತ್ತಕ್ಕೂ ಹೆಚ್ಚು ದೇಶಗಳು ಪರವಾಗಿದ್ದವು. ವಿರುದ್ಧ ಮತ ಹಾಕಿದ ಬೆರಳೆಣಿಕೆಯ ದೇಶಗಳಲ್ಲಿ ರಷ್ಯಾದ ಜೊತೆ ಭಾರತವೂ ಇತ್ತು. ಓದಿದಾಗ ಮೊದಲು ನನಗೆ ಸಿಟ್ಟು ಬಂತು. ಆದರೆ ಕಾರಣವನ್ನೂ ಓದಬೇಕು. ಜಿನೀವಾದಲ್ಲಿ ಈಗಾಗಲೇ ಇದೇ ವಿಷಯದ ಮಾತುಕತೆ ನಡೆಯುತ್ತಿದೆ, ಅದನ್ನು ಬಿಟ್ಟು ಇನ್ನೊಂದು ದಾರಿ ಬೇಡ ಎಂಬುದು ನಮ್ಮ ಸರ್ಕಾರದ ವಾದ. ಅದರ ಹಿಂದೆ ಹಳೆಯ ಅನುಭವವೂ ಇರಬಹುದು ಎಂದು ನನಗನಿಸುತ್ತದೆ. 1968ರ ಅಣ್ವಸ್ತ್ರ ಒಪ್ಪಂದದಲ್ಲಿ, ಆಗಲೇ ಬಾಂಬ್ ಇದ್ದ ಐದು ದೇಶಗಳಿಗೆ ಒಂದು ನಿಯಮ, ಉಳಿದವರಿಗೆ ಇನ್ನೊಂದು ನಿಯಮ ಎಂದು ಭಾರತ ಸಹಿ ಹಾಕಲಿಲ್ಲ. ಮೊದಲು ಮೆಟ್ಟಿಲು ಹತ್ತಿದವರು ಮೇಲೆ ನಿಂತು ಏಣಿ ಎಳೆದುಕೊಂಡರೆ ಕೆಳಗಿದ್ದವರಿಗೆ ಅನುಮಾನ ಬರುವುದು ಸಹಜ. ಅಷ್ಟಾದರೂ, ಕೊಲ್ಲುವ ನಿರ್ಧಾರವನ್ನು ಯಂತ್ರಕ್ಕೆ ಬಿಡಬಾರದು ಎಂಬ ಮಾತಿಗೆ ನಾವು ಮುಂದೆ ನಿಲ್ಲಬೇಕಿತ್ತು ಎಂದೇ ನನ್ನ ಅಭಿಪ್ರಾಯ. ವಿಷಾನಿಲದ ಅಸ್ತ್ರಗಳನ್ನು ನಿಷೇಧಿಸುವ 1993ರ ಒಪ್ಪಂದಕ್ಕೆ ಇದೇ ಭಾರತ ಸಹಿ ಹಾಕಿ, ತನ್ನ ದಾಸ್ತಾನನ್ನು ನಾಶಮಾಡಿತು. ಅಲ್ಲಿ ಎಲ್ಲರಿಗೂ ಒಂದೇ ನಿಯಮವಿತ್ತು, ತಪಾಸಣೆಯೂ ಇತ್ತು.

ತಪಾಸಣೆ ಎಂದಾಗ ಟ್ಯೂರಿಂಗ್ ಅವರ 1936ರ ಮಾತಿಗೆ ಮರಳಬೇಕು. ಅನಿಲದ ಕಾರ್ಖಾನೆಗೆ ಹೋಗಿ ಪೀಪಾಯಿ ಎಣಿಸಬಹುದು. ಯುರೇನಿಯಂ ತೂಗಬಹುದು. ಒಂದು ಪ್ರೋಗ್ರಾಮನ್ನು ಪೆನ್‌ಡ್ರೈವಿನಲ್ಲಿ ಜೇಬಿಗೆ ಹಾಕಿಕೊಳ್ಳಬಹುದು. ಅದನ್ನು ಕೈಗೆ ಕೊಟ್ಟರೂ, ಮುಂದೆ ಅದು ಏನೇನು ಮಾಡಬಹುದು ಎಂದು ಪೂರ್ತಿ ಹೇಳಿಬಿಡುವ ಸಾಮಾನ್ಯ ವಿಧಾನ ಇಲ್ಲವೆಂದು ಅವರೇ ಸಿದ್ಧಮಾಡಿ ಹೋಗಿದ್ದಾರೆ. ಎದುರಿನವನು ನಿಯಮ ಪಾಲಿಸುತ್ತಿದ್ದಾನೆಯೇ ಎಂದು ತಿಳಿಯದಿದ್ದರೆ ತಾನೊಬ್ಬನೇ ಏಕೆ ಪಾಲಿಸಬೇಕು ಎಂದು ಪ್ರತಿ ಸರ್ಕಾರವೂ ಯೋಚಿಸುತ್ತದೆ. ಇದು ನಿಜವಾದ ತೊಡಕು, ನೆಪವಷ್ಟೇ ಅಲ್ಲ. ನೆಪವಾಗಿ ಬಳಸುವವರೂ ಇದ್ದಾರೆ, ಅದು ಬೇರೆ ಮಾತು.

ನಿಯಮ ಇದ್ದೂ ಇಲ್ಲದಂತಾದರೆ ಏನಾಗುತ್ತದೆ ಎಂಬುದಕ್ಕೆ ನಾವು ಜಿನೀವಾಕ್ಕೆ ಹೋಗಬೇಕಿಲ್ಲ. ಗಣಿಗಳ ಕಾಯ್ದೆ 1957ರಿಂದ ಇತ್ತು. ಆದರೂ ನಮ್ಮ ಬೆಟ್ಟಗಳಲ್ಲಿ ಗಡಿಕಲ್ಲುಗಳು ಜರುಗಿದವು, ರಸ್ತೆಗಳೆಲ್ಲ ಕೆಂಪು ಧೂಳಾದವು. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಸಿ ವರ್ಗದವನ್ನು 2013ರಲ್ಲಿ ರದ್ದುಮಾಡಿ, ಎಷ್ಟು ಅದಿರು ತೆಗೆಯಬೇಕೆಂಬುದಕ್ಕೂ ಮಿತಿ ಹಾಕಿದರು. ಆಗ ನಾನು ಮೂರು ವರ್ಷದವಳು. ನಿಂತ ಲಾರಿಗಳ ಸಾಲು ಮಾತ್ರ ಕನಸಿನಂತೆ ನೆನಪಿದೆ. ದೇಶದೊಳಗೆ ಹಾಗೆ ನಿಲ್ಲಿಸಲು ಒಂದು ಕೋರ್ಟ್ ಇದೆ. ದೇಶಗಳ ನಡುವೆ ಯಾವ ಕೋರ್ಟ್ ಯಂತ್ರವನ್ನು ನಿಲ್ಲಿಸುತ್ತದೆ?

ಅಬ್ಬಾ ಗಣಿಯಲ್ಲಿ ಡಂಪರ್ ಓಡಿಸುತ್ತಾರೆ. ಈ ಬರಹವನ್ನು ಮೊದಲು ಅವರಿಗೇ ಓದಿ ಹೇಳಿದೆ. ಟ್ಯೂರಿಂಗ್ ಸತ್ತದ್ದು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಸ್ಟ್ರೇಲಿಯಾದ ಪಿಲ್ಬಾರಾದ ಕಬ್ಬಿಣದ ಗಣಿಗಳಲ್ಲಿ ಚಾಲಕನಿಲ್ಲದ ಟ್ರಕ್ಕುಗಳು ಅದಿರು ಹೊರುತ್ತಿವೆ, ಸಾವಿರದೈನೂರು ಕಿಲೋಮೀಟರ್ ದೂರದ ಪರ್ತ್ ನಗರದಲ್ಲಿ ಕುಳಿತವರು ಅವನ್ನು ನೋಡಿಕೊಳ್ಳುತ್ತಾರೆ ಎಂದು ಹೇಳಿದಾಗ ಮಾತ್ರ ಎದ್ದು ಕುಳಿತರು. ರಿವರ್ಸ್ ತೆಗೆಯುವಾಗ ಅಲಾರಂ, ಹೊರಡುವ ಮುನ್ನ ಹಾರ್ನ್, ಇಳಿಜಾರಿನಲ್ಲಿ ಇಷ್ಟೇ ವೇಗ, ಹೀಗೆ ತಾವು ಪಾಲಿಸುವ ನಿಯಮಗಳನ್ನೆಲ್ಲ ಬೆರಳು ಮಡಚಿ ಎಣಿಸಿದರು. 1952ರ ಗಣಿ ಕಾಯ್ದೆಯ ಹೆಸರು ಅವರಿಗೆ ಗೊತ್ತು. ಟ್ಯೂರಿಂಗ್ ಅವರಿಗೆ ಶಿಕ್ಷೆಯಾದ ವರ್ಷವೂ ಅದೇ ಎಂದು ನಾನು ಹೇಳಿದೆ. ಆ ಟ್ರಕ್ಕು ಯಾರಿಗಾದರೂ ಹೊಡೆದರೆ ಯಾರ ಲೈಸೆನ್ಸ್ ರದ್ದಾಗುತ್ತದೆ ಎಂದು ಅಬ್ಬಾ ಕೇಳಿದರು. ಮುಂದಿನ ಶೃಂಗಸಭೆ 2026ರ ಫೆಬ್ರವರಿಯಲ್ಲಿ ನಮ್ಮ ದಿಲ್ಲಿಯಲ್ಲೇ ಇದೆ, ಅಲ್ಲಿ ಕೇಳಬೇಕಾದ ಪ್ರಶ್ನೆ ಇದು ಎಂದೆ. ಅವರಿಗೆ ಬೆಳಿಗ್ಗೆ ಮೊದಲ ಶಿಫ್ಟ್ ಇತ್ತು. ಪ್ರಶ್ನೆಯನ್ನು ಬರೆದಿಟ್ಟುಕೊ ಎಂದು ಹೇಳಿ ಮಲಗಲು ಹೋದರು.